ಬೆನ್ನು ಸರಿಹೋಗಲು ಫಿಸಿಯೋಥೆರಪಿ ಬೇಕೇ, ಬೆಲ್ಟ್ ಸಾಲದೇ?

ನೀವು ಬರೆದಿರುವುದು ಇಷ್ಟು: ವಯಸ್ಸು 43, ಊರು ಸೇಡಂ ತಾಲ್ಲೂಕು, ಎರಡು ಹೆರಿಗೆ, ಅದರಲ್ಲಿ ಎರಡನೆಯದು ಸಿಸೇರಿಯನ್. ಕೆಲವು ವರ್ಷಗಳಿಂದ ಮಹಿಳಾ ಸ್ವಸಹಾಯ ಗುಂಪಿನಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ಸಂಜೆಯಾಗುತ್ತಿದ್ದಂತೆ ಟೊಂಕ ಹಿಡಿದುಕೊಳ್ಳುತ್ತದೆ, ಭುಜಗಳು ಮುಂದಕ್ಕೆ ಬಾಗಿವೆಯೆಂದು ಮನೆಯವರು ಹೇಳುತ್ತಾರೆ, ಮೆಡಿಕಲ್ ಅಂಗಡಿಯಿಂದ ತಂದ ಬೆಲ್ಟ್ ಕಟ್ಟಿಕೊಂಡರೆ ಹಾಯೆನಿಸುತ್ತದೆ. ಫಿಸಿಯೋಥೆರಪಿಯೆಂದರೆ ಕರೆಂಟ್ ಕೊಡುವುದು, ಶೇಕ ಕೊಡುವುದು ಅಷ್ಟೇ ಅಲ್ಲವೇ, ಅದಕ್ಕಾಗಿ ಕಲಬುರಗಿಗೆ ಓಡಾಡಬೇಕೇ ಎಂದು ಕೇಳಿದ್ದೀರಿ. ಗೂನು ಹಾಕಿಕೊಂಡು ಕೂರುವ 13 ವರ್ಷದ ಮಗಳ ಬಗೆಗೂ ಒಂದು ಸಾಲು ಸೇರಿಸಿದ್ದೀರಿ. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವವಳು, ನನ್ನಲ್ಲಿಗೆ ಬರುವವರಲ್ಲಿ ಬಹುಪಾಲು ನಿಮ್ಮಂಥ ದುಡಿಯುವ ಹೆಂಗಸರೇ. ಓಡಾಡಬೇಕು, ಆದರೆ ಕರೆಂಟಿಗಾಗಿ ಅಲ್ಲ ಎಂಬುದು ನನ್ನ ಉತ್ತರ.

ನೆಟ್ಟಗೆ ನಿಲ್ಲುವುದೇ ಒಳ್ಳೆಯ ಭಂಗಿ, ಬಾಗಿದರೆ ಕೆಟ್ಟದ್ದು ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಎಲ್ಲರಿಗೂ ಸಲ್ಲುವ, ನೋವನ್ನು ತಡೆಯುವ ಒಂದೇ ಒಂದು ಸರಿಯಾದ ಭಂಗಿ ಇದೆಯೆಂದು ಇದುವರೆಗೆ ಯಾರೂ ಸಾಬೀತು ಮಾಡಿಲ್ಲ. ಬೆನ್ನೆಲುಬು ಬಾಗುವುದಕ್ಕೆಂದೇ ಆದದ್ದು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5 ಹೀಗೆ 24 ಮಣಿಗಳು ಒಂದರ ಮೇಲೊಂದು ಚಲಿಸುವಂತೆ ಜೋಡಿಸಿಕೊಂಡಿವೆ. ತೊಂದರೆ ಬರುವುದು ಒಂದೇ ಭಾಗದ ಮೇಲೆ, ಒಂದೇ ದಿಕ್ಕಿನಲ್ಲಿ, ಬಿಡುವಿಲ್ಲದೆ ಭಾರ ಬಿದ್ದಾಗ ಮತ್ತು ಆ ಭಾರವನ್ನು ಹಂಚಿಕೊಳ್ಳಬೇಕಾದ ಸ್ನಾಯುಗಳಿಗೆ ಶಕ್ತಿ ಸಾಲದಿದ್ದಾಗ. ಆದ್ದರಿಂದ ಹೆಂಗಸಿನ ಭಂಗಿಯನ್ನು ನೋಡುವ ಫಿಸಿಯೋಥೆರಪಿಸ್ಟ್ ಮೊದಲು ಕೇಳಬೇಕಾದದ್ದು ದಿನವಿಡೀ ಅವಳ ಕೆಲಸವೇನು, ಯಾವ ಎತ್ತರದಲ್ಲಿ, ಎಷ್ಟು ಹೊತ್ತು, ಮೈಯ ಯಾವ ಭಾಗ ಆ ಕೆಲಸದಿಂದ ತಪ್ಪಿಸಿಕೊಂಡಿದೆ ಎಂಬುದನ್ನು. ಬೆನ್ನು ಎಷ್ಟು ಬಾಗಿದೆ ಎಂಬ ಪ್ರಶ್ನೆ ಆಮೇಲಿನದು.

ನಿಮ್ಮ ಕೆಲಸವನ್ನೇ ತೆಗೆದುಕೊಳ್ಳೋಣ. ಫರಸಿ ಹಾಸಿದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಅಥವಾ ಒಂದು ಮೊಣಕಾಲನ್ನು ಮೇಲೆತ್ತಿ ಕುಳಿತು, ಎದುರಿನ ಹಲಗೆಯ ಮೇಲೆ ಹಿಟ್ಟು ನಾದಿ ರೊಟ್ಟಿ ಬಡಿಯುವಾಗ ತೊಡೆ ಸೇರುವ ಸೊಂಟದ ಕೀಲು ಸಾಕಷ್ಟು ಮಡಚಿಕೊಳ್ಳಲಾರದು. ಅದು ಮಡಚದಷ್ಟನ್ನು ಟೊಂಕದ ಮಣಿಗಳು ಬಾಗಿ ತುಂಬಿಕೊಡಬೇಕಾಗುತ್ತದೆ. ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಟೊಂಕದ ಸಹಜವಾದ ಒಳಬಾಗು ಅಳಿಸಿಹೋಗಿ ಬೆನ್ನು ಬಿಲ್ಲಿನಂತಾಗುತ್ತದೆ, ಮುಖ ಹಲಗೆಯ ಕಡೆಗೆ ಚಾಚುತ್ತದೆ. ಇದಕ್ಕೆ ಅತ್ಯಂತ ಅಗ್ಗದ ಉಪಾಯ ಕೂರುವ ಜಾಗವನ್ನು ಎತ್ತರಿಸುವುದು. ನಾಲ್ಕು ಬೆರಳು ಎತ್ತರದ ಮಣೆಯನ್ನೋ ಗಟ್ಟಿಯಾಗಿ ಮಡಚಿದ ಕೌದಿಯನ್ನೋ ಕುಂಡೆಯ ಕೆಳಗೆ ಮಾತ್ರ ಇಟ್ಟುಕೊಂಡು, ಮೊಣಕಾಲುಗಳು ಅದಕ್ಕಿಂತ ಕೆಳಗೆ ಬರುವಂತೆ ಕುಳಿತರೆ, ಸೊಂಟದ ಮೂಳೆ ತಾನಾಗಿಯೇ ಮುಂದಕ್ಕೆ ವಾಲಿ ಟೊಂಕದ ಒಳಬಾಗು ಮರಳುತ್ತದೆ. ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಮಣೆ ಇಲ್ಲದೆ ಯಾರೂ ಒಲೆಯ ಮುಂದೆ ಕೂರುತ್ತಿರಲಿಲ್ಲ. ಆ ಪದ್ಧತಿ ಏಕೆ ಬಿಟ್ಟುಹೋಯಿತೋ ಕಾಣೆ.

ಈಗ ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿಯೇ ಮಹಿಳಾ ಗುಂಪುಗಳ ರೊಟ್ಟಿ ಮಾರಾಟವಾಗುತ್ತಿರುವುದರಿಂದ, ಮನೆಮಂದಿಗೆ ಬೇಕಾದಷ್ಟು ಬಡಿದು ಏಳುವ ಕೆಲಸ ಅದಾಗಿ ಉಳಿದಿಲ್ಲ, ಗಂಟೆಗಟ್ಟಲೆ ನಡೆಯುತ್ತದೆ. ನಿಮ್ಮ ಗುಂಪಿನಲ್ಲಿ ನಿಂತು ಬಡಿಯುವ ಮೇಜು ಹಾಕಿಸುವ ಮಾತಿದ್ದರೆ ಅದರ ಎತ್ತರವನ್ನು ಬಡಗಿಯ ಅಂದಾಜಿಗೆ ಬಿಡಬೇಡಿ. ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ನೆಲದಿಂದ ಮೊಣಕೈವರೆಗೆ ಎಷ್ಟಿರುತ್ತದೋ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕೈಗೆಲಸದ ಮೇಲ್ಮೈ ಇರಬೇಕೆಂಬುದು ಕೆಲಸದ ವಿನ್ಯಾಸ ಮಾಡುವವರ ಸಾಮಾನ್ಯ ಲೆಕ್ಕ, ಒತ್ತಿ ನಾದುವ ಕೆಲಸಕ್ಕೆ ಇನ್ನೂ ತುಸು ಕೆಳಗಿದ್ದರೂ ಸರಿ. ಗುಂಪಿನಲ್ಲಿ ಎಲ್ಲರ ಎತ್ತರ ಒಂದೇ ಆಗಿರುವುದಿಲ್ಲವಾದ್ದರಿಂದ ಎತ್ತರದವರಿಗೆ ಹೊಂದುವಂತೆ ಮೇಜು ಮಾಡಿಸಿ, ಗಿಡ್ಡವಿರುವವರ ಕಾಲಡಿ ಹಲಗೆ ಕೊಡುವುದು ಉತ್ತಮ. ಇದರ ತಿರುವುಮುರುವು ಮಾಡಿದರೆ ಎತ್ತರದ ಹೆಂಗಸು ದಿನವಿಡೀ ಬಾಗಿಯೇ ನಿಲ್ಲಬೇಕಾಗುತ್ತದೆ. ನಿಂತವರು ಒಂದು ಪಾದವನ್ನು ಇಟ್ಟಿಗೆಯಷ್ಟು ಎತ್ತರದ ಯಾವುದಾದರೂ ವಸ್ತುವಿನ ಮೇಲೆ ಇಟ್ಟು, ಆಗಾಗ ಪಾದ ಬದಲಿಸುತ್ತಿದ್ದರೆ ಟೊಂಕಕ್ಕೆ ಸಡಿಲ ಸಿಗುತ್ತದೆ.

ಇದಕ್ಕಿಂತ ಮುಖ್ಯವಾದ, ಆದರೆ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಇಪ್ಪತ್ತು ನಿಮಿಷ ಬಾಗಿಯೇ ಕುಳಿತರೆ ಬೆನ್ನಿನ ಹಿಂಭಾಗದ ಲಿಗಮೆಂಟುಗಳು, ಅಂದರೆ ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿಗಳು, ನಿಧಾನವಾಗಿ ಹಿಗ್ಗಿ ಸಡಿಲಗೊಳ್ಳುತ್ತವೆ. ಎದ್ದುನಿಂತ ಮೊದಲ ಒಂದೆರಡು ನಿಮಿಷಗಳಲ್ಲಿ ಅರ್ಧದಷ್ಟು ಬಿಗಿ ಮರಳುತ್ತದೆಯಾದರೂ ಉಳಿದರ್ಧಕ್ಕೆ ಅರ್ಧ ಗಂಟೆಗೂ ಮಿಕ್ಕಿ ಸಮಯ ಬೇಕು. ಆ ಹೊತ್ತಿನಲ್ಲಿಯೇ ನಮ್ಮ ಹೆಂಗಸರು ದಡಕ್ಕನೆ ಎದ್ದು ಹಿಟ್ಟಿನ ಚೀಲ ಎಳೆಯುತ್ತಾರೆ, ಇಲ್ಲವೇ ಗ್ಯಾಸ್ ಸಿಲಿಂಡರ್ ಎತ್ತುತ್ತಾರೆ. ಒಳಗಿನ 14.2 ಕಿಲೋ ಗ್ಯಾಸಿನ ಜೊತೆ ಕಬ್ಬಿಣದ ತೂಕವನ್ನೂ ಸೇರಿಸಿದರೆ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ಆಗುತ್ತದೆ. ಸಿಲಿಂಡರ್ ಎತ್ತಿದಾಗ ಟೊಂಕ ಹಿಡಿಯಿತು ಎಂದು ಹೇಳುವವರಲ್ಲಿ ಅನೇಕರಿಗೆ ತೊಂದರೆ ಆರಂಭವಾಗಿರುವುದು ಅದಕ್ಕೆ ಮೊದಲಿನ ಒಂದು ಗಂಟೆಯಲ್ಲಿ. ಹಾಗಾಗಿ ಅರ್ಧ ಗಂಟೆಗೊಮ್ಮೆಯಾದರೂ ಎದ್ದು, ಟೊಂಕದ ಮೇಲೆ ಎರಡೂ ಕೈ ಇಟ್ಟು ಐದಾರು ಸಲ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ಅಡ್ಡಾಡಿ. ಭಾರ ಎತ್ತುವ ಕೆಲಸವನ್ನು ಬೆಳಿಗ್ಗೆ ರೊಟ್ಟಿಗೆ ಕೂರುವ ಮೊದಲೇ ಮುಗಿಸಿ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ, ತೊಗರಿ ಹೊಲದಲ್ಲಿ ಕುರ್ಪಿ ಹಿಡಿದು ಕಳೆ ತೆಗೆಯುವ ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಅರ್ಧ ಗಂಟೆಗೊಮ್ಮೆ ಬಿಡುವು ಕೊಡುವ ಮೇಸ್ತ್ರಿ ಸಿಗಬೇಕಷ್ಟೆ.

ಭುಜಗಳ ವಿಷಯ. ರೊಟ್ಟಿ ಬಡಿಯುವಾಗ ಕೈಯನ್ನು ಮುಂದೆ ಚಾಚಿ ಒತ್ತುವುದರಿಂದ ಎದೆಯ ಸ್ನಾಯುಗಳಿಗೆ ಕೆಲಸ ಸಿಗುತ್ತದೆ, ಭುಜದೆಲುಬುಗಳನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳಿಗೆ ಸಿಗುವುದಿಲ್ಲ. ಭುಜ ಮುಂದಕ್ಕೆ ಬಾಗಿದ್ದೇ ರೋಗವಲ್ಲ, ಆದರೆ ಕೈ ಮೇಲೆತ್ತಲು ನೋವಾಗುತ್ತಿದ್ದರೆ, ಕುತ್ತಿಗೆಯಿಂದ ತಲೆಯ ಹಿಂಭಾಗಕ್ಕೆ ಸೆಳೆತ ಏರುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಮೊಣಕೈಗಳನ್ನು ಹಿಂದಕ್ಕೆ ಎಳೆಯುವ ವ್ಯಾಯಾಮ, ಗೋಡೆಗೆ ಬೆನ್ನು ತಾಗಿಸಿ ಕೈಗಳನ್ನು ಮೇಲಕ್ಕೆ ಜಾರಿಸುವ ವ್ಯಾಯಾಮ ಇಂಥವನ್ನೇ ನಾವು ಕೊಡುವುದು. ಬೆನ್ನಿಗೆ ಎಳೆದು ಕಟ್ಟುವ ಭುಜದ ಪಟ್ಟಿಗಳನ್ನು ಆನ್‌ಲೈನಿನಲ್ಲಿ ಕೊಳ್ಳಬೇಡಿ. ಸ್ನಾಯು ಮಾಡಬೇಕಾದ ಕೆಲಸವನ್ನು ಪಟ್ಟಿ ಮಾಡಿದರೆ ಸ್ನಾಯುವಿಗೆ ಲಾಭವಿಲ್ಲ.

ಇನ್ನು ನೀವು ಒಂದೇ ಸಾಲಿನಲ್ಲಿ ದಾಟಿಹೋದ ಹೆರಿಗೆಗಳು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ, ಗಂಡಸರ ಬೆನ್ನಿಗೂ ಹೆಂಗಸರ ಬೆನ್ನಿಗೂ ಒಂದೇ ವ್ಯಾಯಾಮದ ಚೀಟಿ ಬರೆದುಕೊಡುವುದನ್ನು ನಾನು ಒಪ್ಪದಿರುವುದೂ ಅದೇ ಕಾರಣಕ್ಕೆ. ಹೊಟ್ಟೆ ಬೆಳೆದಂತೆ ಮೈಯ ಭಾರದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಬಸುರಿ ಅದನ್ನು ಸರಿದೂಗಿಸಲು ಟೊಂಕವನ್ನು ಹಿಂದಕ್ಕೆ ಬಾಗಿಸುತ್ತಾಳೆ. 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದಂತೆ, ಗಂಡಸರಲ್ಲಿ ಟೊಂಕದ ಕೆಳಗಿನ ಎರಡು ಮಣಿಗಳು ಬೆಣೆಯಾಕಾರದಲ್ಲಿದ್ದರೆ ಹೆಂಗಸರಲ್ಲಿ ಮೂರು ಮಣಿಗಳು ಹಾಗಿರುತ್ತವೆ. ಬಸಿರನ್ನು ಹೊತ್ತು ಎರಡು ಕಾಲಿನ ಮೇಲೆ ನಡೆಯುವುದಕ್ಕಾಗಿಯೇ ನಮ್ಮ ಬೆನ್ನು ಹೀಗೆ ರೂಪುಗೊಂಡಿದೆ. ಆದರೆ ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳು ತಾವಾಗಿ ಮೊದಲಿನ ಬಿಗಿಗೆ ಬರುತ್ತವೆಂಬ ಖಾತರಿಯಿಲ್ಲ.

ಹೊಟ್ಟೆಯೊಳಗಿನ ಜಾಗಕ್ಕೆ ಮೇಲೆ ಉಸಿರಾಟದ ವಪೆ, ಮುಂದೆ ಮತ್ತು ಪಕ್ಕಗಳಲ್ಲಿ ಹೊಟ್ಟೆಯ ಸ್ನಾಯುಗಳು, ಹಿಂದೆ ಬೆನ್ನಿನ ಆಳದ ಸ್ನಾಯುಗಳು, ತಳದಲ್ಲಿ ಮೂತ್ರಕೋಶ ಗರ್ಭಕೋಶಗಳನ್ನು ಹೊತ್ತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಇವೆ. ಇವು ನಾಲ್ಕೂ ಒಟ್ಟಾಗಿ ಬಿಗಿದುಕೊಂಡಾಗ ಟೊಂಕಕ್ಕೆ ಒಳಗಿನಿಂದಲೇ ಆಧಾರ ಸಿಗುತ್ತದೆ. ಬಸಿರಿನಲ್ಲಿ ಹೊಟ್ಟೆಯ ನಡುಗೆರೆ ಹಿಗ್ಗಿ ಎರಡು ಬದಿಯ ಸ್ನಾಯುಗಳು ದೂರ ಸರಿಯುತ್ತವೆ, ಕೆಲವರಲ್ಲಿ ವರ್ಷಗಳು ಕಳೆದರೂ ಆ ಬಿರುಕು ಉಳಿದಿರುತ್ತದೆ. ನೀವೇ ಪರೀಕ್ಷಿಸಿಕೊಳ್ಳಬಹುದು: ಅಂಗಾತ ಮಲಗಿ ಮೊಣಕಾಲು ಮಡಚಿ, ಹೊಕ್ಕುಳದ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನು ಮಾತ್ರ ತುಸು ಎತ್ತಿ. ಎರಡು ಬೆರಳಿಗಿಂತ ಹೆಚ್ಚು ಅಗಲದ ತಗ್ಗು ಸಿಕ್ಕಿದರೆ, ಅಥವಾ ಹೊಟ್ಟೆಯ ನಡುವೆ ಏಣಿನಂತೆ ಉಬ್ಬು ಎದ್ದರೆ ಫಿಸಿಯೋಥೆರಪಿಸ್ಟಿಗೆ ತೋರಿಸಬೇಕು. ಹಾಗಿರುವಾಗ ಮೊಬೈಲಿನ ವೀಡಿಯೊ ನೋಡಿ ಹೊಟ್ಟೆ ಕರಗಿಸಲು ಎದ್ದು ಕೂರುವ ವ್ಯಾಯಾಮ ಮಾಡುವುದು ಬೇಡ. ಆರಂಭ ಉಸಿರಿನಿಂದ: ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲನೆ ಒಳಗೆಳೆದುಕೊಳ್ಳುವುದು, ಅದನ್ನು ಹಾಗೆಯೇ ಹಿಡಿದು ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುವುದು, ಆಮೇಲೆ ಸೊಂಟವನ್ನು ನೆಲದಿಂದ ಎತ್ತುವುದು, ಕೊನೆಗೆ ಭಾರ ಎತ್ತುವಾಗಲೂ ಉಸಿರು ಕಟ್ಟದೆ ಬಿಡುತ್ತಾ ಎತ್ತುವ ಅಭ್ಯಾಸ. ಬಾಣಂತನದಲ್ಲಿ ಹಿರಿಯರು ಹೊಟ್ಟೆಗೆ ಸೀರೆ ಬಿಗಿಯುವುದನ್ನು ನಾನು ಆಡಿಕೊಳ್ಳುವುದಿಲ್ಲ, ಮೊದಲ ದಿನಗಳಲ್ಲಿ ಅದು ಆಸರೆಯೆನಿಸುವುದು ನಿಜ. ಆದರೆ ಬಟ್ಟೆ ಬಿಚ್ಚಿದ ಮೇಲೆ ಆ ಕೆಲಸವನ್ನು ಮಾಡಬೇಕಾದ ಸ್ನಾಯುವನ್ನು ಯಾರೂ ತಯಾರು ಮಾಡಿರುವುದಿಲ್ಲ. ಸಿಸೇರಿಯನ್ ಆದವರ ಹೊಲಿಗೆಯ ಜಾಗ ಒಳಗೆ ಅಂಟಿಕೊಂಡು ಬಿಗಿಯಾಗಿರುವುದೂ ಉಂಟು, ಅದನ್ನೂ ಕೈಯಿಂದ ಮುಟ್ಟಿ ನೋಡಬೇಕು.

ನೀವು ಬರೆಯದ, ಆದರೆ ನಾನು ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತೇನೆ. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಹನಿ ಮೂತ್ರ ಹೋಗುತ್ತದೆಯೇ? ಅತ್ತೆಗೂ ತಾಯಿಗೂ ಹೇಳದೆ, ವರ್ಷಗಟ್ಟಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡು ಬದುಕುವವರು ನಮ್ಮ ಭಾಗದಲ್ಲಿ ಬಹಳ. ಟೊಂಕ ನೋವಿನ ಜೊತೆ ಇದೂ ಇದ್ದರೆ ತಳದ ಸ್ನಾಯುಗಳು ಸೋತಿವೆಯೇ ಎಂದು ನೋಡಲೇಬೇಕು. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲಿಯೇ ಈ ಸ್ನಾಯುಗಳ ವ್ಯಾಯಾಮವನ್ನು ಪ್ರಕಟಿಸಿದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ಇಂಥ ಮೂತ್ರ ಸೋರಿಕೆಗೆ ಮೊದಲ ಚಿಕಿತ್ಸೆಯಾಗಿ ಹೇಳುವುದು ಕನಿಷ್ಠ 3 ತಿಂಗಳು, ದಿನಕ್ಕೆ 3 ಸಲ, ಪ್ರತಿ ಸಲ ಕನಿಷ್ಠ 8 ಬಾರಿ ಈ ಸ್ನಾಯುಗಳನ್ನು ಬಿಗಿಯುವುದನ್ನು, ಅದೂ ತಿಳಿದವರ ಮೇಲ್ವಿಚಾರಣೆಯಲ್ಲಿ. ಮೇಲ್ವಿಚಾರಣೆ ಏಕೆಂದರೆ ಒಳಕ್ಕೆ ಎಳೆಯಬೇಕಾದಲ್ಲಿ ಕೆಳಕ್ಕೆ ಒತ್ತುವವರು ಕಡಿಮೆಯಿಲ್ಲ. ಅದರಿಂದ ಸಮಸ್ಯೆ ಹೆಚ್ಚುತ್ತದೆ.

ಬೆಲ್ಟಿನ ಪ್ರಶ್ನೆಗೆ ಈಗ ಉತ್ತರ ಸುಲಭ. ನೋವು ಜೋರಾಗಿರುವ ಕೆಲವು ದಿನ, ಬಸ್ಸಿನ ಪ್ರಯಾಣಕ್ಕೆ, ಕಟ್ಟಿಕೊಳ್ಳಿ, ಅಡ್ಡಿಯಿಲ್ಲ. ದಿನವಿಡೀ ಬಿಗಿದುಕೊಂಡು ಕೂತರೆ ಹೊಟ್ಟೆಯ ಒತ್ತಡ ಕೆಳಕ್ಕೆ ತಳ್ಳುತ್ತದೆ, ತಳದ ಸ್ನಾಯು ಸೋತಿರುವವರಿಗೆ ಅದು ಬೇಡದ ಹೊರೆ. ಅದೇ ನೈಸ್ ಸಂಸ್ಥೆ 2016ರ ಟೊಂಕ ನೋವಿನ ಮಾರ್ಗಸೂಚಿಯಲ್ಲಿ ಬೆಲ್ಟ್‌ಗಳನ್ನೂ, ಧ್ವನಿ ತರಂಗ ಹಾಯಿಸುವ ಅಲ್ಟ್ರಾಸೌಂಡ್ ಯಂತ್ರವನ್ನೂ, ಟೆನ್ಸ್, ಐಎಫ್‌ಟಿ ಎಂಬ ಕರೆಂಟಿನ ಯಂತ್ರಗಳನ್ನೂ ಕೊಡಬೇಡಿ ಎಂದು ಹೇಳಿ, ವ್ಯಾಯಾಮವನ್ನು ಮುಂದಿಟ್ಟಿತು. ನನ್ನ ವೃತ್ತಿಯವರಲ್ಲಿ ಕೆಲವರಿಗೆ ಈ ಮಾತು ರುಚಿಸದು, ಏಕೆಂದರೆ ಯಂತ್ರ ಹಚ್ಚಿ ಹತ್ತು ನಿಮಿಷ ಬಿಡುವುದು ಸುಲಭ, ಒಬ್ಬ ಹೆಂಗಸನ್ನು ಕೂರಿಸಿ ಅವಳ ದಿನಚರಿಯನ್ನು ಕೇಳುವುದು ಕಷ್ಟ. ಯಂತ್ರದಿಂದ ಕೆಲವರಿಗೆ ಸ್ವಲ್ಪ ಹೊತ್ತು ಹಾಯೆನಿಸಬಹುದು. ಅದನ್ನೇ ಪೂರ್ತಿ ಚಿಕಿತ್ಸೆಯೆಂದು ಕೊಡುವ ಕಡೆ ನೀವು ಹಣ ಹಾಕಬೇಡಿ.

ನಿಮ್ಮ ವಯಸ್ಸಿನ ಕಾರಣಕ್ಕೆ ಮೂಳೆಯ ಮಾತನ್ನೂ ಆಡಬೇಕು. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ. ಹೆಣ್ತನದ ಹಾರ್ಮೋನಾದ ಈಸ್ಟ್ರೋಜನ್ ಇಳಿದ ನಂತರದ ವರ್ಷಗಳಲ್ಲಿ ಮೂಳೆ ವೇಗವಾಗಿ ಸತ್ವ ಕಳೆದುಕೊಳ್ಳುತ್ತದೆ. ಮುದುಕಿಯರ ಗೂನಿಗೆ ವಯಸ್ಸೊಂದೇ ಕಾರಣವೆಂದು ನಾವು ಬಿಟ್ಟುಬಿಡುತ್ತೇವೆ, ಆದರೆ ಅವರಲ್ಲಿ ಅನೇಕರ ಬೆನ್ನಿನ ಮಣಿಗಳು ಸದ್ದಿಲ್ಲದೆ ಕುಸಿದಿರುತ್ತವೆ. ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು ಗದ್ದ ಮೇಲೆತ್ತದೆ ತಲೆಯ ಹಿಂಭಾಗ ತಾಗದಿದ್ದರೆ, ಅಥವಾ ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಎಕ್ಸ್‌ರೇ, ಮೂಳೆ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ನಿಮ್ಮ ಮನೆಯ ಹಿರಿಯರಿಗೂ ಇದನ್ನು ಮಾಡಿಸಿ ನೋಡಿ.

ವ್ಯಾಯಾಮದ ಆಯ್ಕೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಅಮೆರಿಕದ ಮೇಯೋ ಕ್ಲಿನಿಕ್ಕಿನ ಎರಡು ಅಧ್ಯಯನಗಳನ್ನು ಹೇಳುತ್ತೇನೆ. 1984ರದ್ದರಲ್ಲಿ, ಮೂಳೆ ಟೊಳ್ಳಾಗಿದ್ದ 59 ಮಹಿಳೆಯರ ಪೈಕಿ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 89 ಮಂದಿಗೆ ಮಣಿಗಳು ಹೊಸದಾಗಿ ಕುಸಿದವು. ಹಿಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಅದು ಶೇಕಡಾ 16. ಚಿಕ್ಕ ಅಧ್ಯಯನವಾದರೂ ಅಂತರ ದೊಡ್ಡದು. 2002ರದ್ದರಲ್ಲಿ, ಮುಟ್ಟು ನಿಂತ 50 ಮಹಿಳೆಯರಲ್ಲಿ ಒಂದು ಗುಂಪು ಬೋರಲು ಮಲಗಿ ಬೆನ್ನ ಮೇಲೆ ತೂಕವಿಟ್ಟುಕೊಂಡು ಎದೆ ಎತ್ತುವ ವ್ಯಾಯಾಮವನ್ನು 2 ವರ್ಷ ಮಾಡಿತ್ತು. ಆರಂಭದಿಂದ 10 ವರ್ಷಗಳ ನಂತರ ನೋಡಿದಾಗ, ಮಾಡದವರಲ್ಲಿ ಮಣಿ ಕುಸಿಯುವ ಅಪಾಯ 2.7 ಪಟ್ಟು ಹೆಚ್ಚಿತ್ತು. ಯೋಗ ತರಗತಿಯಲ್ಲಿ ಅರವತ್ತು ದಾಟಿದವರಿಗೆ ಹಣೆ ಮೊಣಕಾಲಿಗೆ ಮುಟ್ಟಿಸಿ ಎಂದು ಒತ್ತಾಯಿಸುವುದನ್ನು ಕಂಡಾಗ ನನಗೆ ಈ ಅಂಕಿಗಳು ನೆನಪಾಗುತ್ತವೆ. ನೀವು ಈಗಲೇ ಬೆನ್ನಿನ ಸ್ನಾಯು ಕಟ್ಟಿಕೊಳ್ಳಲು ಶುರುಮಾಡಿದರೆ ಒಳ್ಳೆಯ ಸಮಯ. ಜೊತೆಗೆ ಊಟದ ಕಡೆಗೂ ಗಮನವಿರಲಿ: ನಮ್ಮ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ, 100 ಗ್ರಾಮಿಗೆ 30 ಮಿಲಿಗ್ರಾಮಿನೊಳಗೇ; ರಾಗಿಯಲ್ಲಿ 350ರ ಸುತ್ತಮುತ್ತ. ದಿನಕ್ಕೆ 1000 ಮಿಲಿಗ್ರಾಂ ಬೇಕೆನ್ನುವಾಗ ರೊಟ್ಟಿಯ ಜೊತೆ ಮೊಸರು, ಎಳ್ಳು, ಸೊಪ್ಪು ಇರಲೇಬೇಕು.

ಮಗಳಿಗೆ ನೆಟ್ಟಗೆ ಕೂತುಕೋ ಎಂದು ಬೈಯುವುದನ್ನು ನಿಲ್ಲಿಸಿ. ಆ ವಯಸ್ಸಿನ ಹುಡುಗಿಯರು ಎದೆ ಬೆಳೆಯುವುದನ್ನು ಮುಚ್ಚಿಕೊಳ್ಳಲು ಭುಜ ಬಾಗಿಸುತ್ತಾರೆ. ಅಳತೆಗೆ ಸರಿಯಾದ ಒಳಉಡುಪು ಕೊಡಿಸಿ, ಸಂಜೆ ಕಬಡ್ಡಿಯೋ ಖೋಖೋವೋ ಆಡಲು ಬಿಡಿ. ಒಂದನ್ನು ಮಾತ್ರ ಪರೀಕ್ಷಿಸಿ: ಕಾಲು ಜೋಡಿಸಿ, ಮೊಣಕಾಲು ಮಡಚದೆ ಮುಂದಕ್ಕೆ ಬಾಗಲು ಹೇಳಿ ಹಿಂದಿನಿಂದ ನೋಡಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರಕ್ಕೆ ಉಬ್ಬಿದ್ದರೆ ಅದು ಬೆನ್ನೆಲುಬು ಪಕ್ಕಕ್ಕೆ ತಿರುಚುವ ಸ್ಕೋಲಿಯೋಸಿಸ್ ಇರಬಹುದು. ಹುಡುಗರಿಗಿಂತ ಹುಡುಗಿಯರಲ್ಲಿಯೇ ಅದು ಹೆಚ್ಚು ಬೆಳೆಯುವುದು, ಬೆಳವಣಿಗೆ ಮುಗಿಯುವ ಮೊದಲೇ ಮೂಳೆ ವೈದ್ಯರಿಗೆ ತೋರಿಸಬೇಕು.

ಎಲ್ಲಿಗೆ ಹೋಗಬೇಕೆಂದರೆ, ಕಲಬುರಗಿಯಲ್ಲಿ ಜಿಮ್ಸ್, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಸರ್ಕಾರಿ ಬೋಧನಾ ಆಸ್ಪತ್ರೆಗಳು; ಅಲ್ಲಿ ಮೂಳೆ ವಿಭಾಗದಲ್ಲಿ ಮೊದಲು ತೋರಿಸಿ ಫಿಸಿಯೋಥೆರಪಿಗೆ ಬರೆಸಿಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಸೇಡಂನಿಂದ ಬಂದುಹೋಗುವ ಖರ್ಚು ಉಳಿಯಿತು, ಉಳಿಯದಿರುವುದು ಒಂದು ದಿನದ ಕೂಲಿ. ಅದಕ್ಕಾಗಿಯೇ ದಿನಾ ಬನ್ನಿ ಎನ್ನುವವರಿಗಿಂತ, ಮನೆಯಲ್ಲಿ ಮಾಡುವ ಮೂರ್ನಾಲ್ಕು ವ್ಯಾಯಾಮ ಕಲಿಸಿ ಎರಡು ವಾರಕ್ಕೊಮ್ಮೆ ಬನ್ನಿ, ಬದಲಿಸಿಕೊಡುತ್ತೇನೆ ಎನ್ನುವವರನ್ನು ಆರಿಸಿಕೊಳ್ಳಿ. ಫಿಸಿಯೋಥೆರಪಿಯ ಬಿ.ಪಿ.ಟಿ. ಪದವಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹೆಂಗಸೇ ಪರೀಕ್ಷಿಸಬೇಕೆಂದು ಹೇಳುವ, ಒಳಗಿನ ಪರೀಕ್ಷೆ ಬೇಡವೆನ್ನುವ ಹಕ್ಕೂ ನಿಮ್ಮದೇ.

ಮೊದಲ ಭೇಟಿಗೆ ಹೋಗುವಾಗ ಹೆರಿಗೆಯ ಚೀಟಿಗಳು, ಹಳೆಯ ಎಕ್ಸ್‌ರೇ, ಮತ್ತು ನೀವು ರೊಟ್ಟಿ ಬಡಿಯುವಾಗ ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವೀಡಿಯೊ ಒಯ್ಯಿರಿ. ಸ್ನಾಯು ಬಲವಾಗಲು ಎರಡು ಮೂರು ತಿಂಗಳು ಬೇಕು, ನೋವು ಅದಕ್ಕೂ ಮೊದಲೇ ಇಳಿಯತೊಡಗುತ್ತದೆ. ಆದರೆ ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ದಿಢೀರನೆ ತಪ್ಪಿದರೆ ವ್ಯಾಯಾಮಕ್ಕೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಮಲಗಿದರೂ ಬಿಡದ ನೋವು, ಸಂಜೆಯ ಜ್ವರ, ತೂಕ ಇಳಿಯುವುದು ಒಟ್ಟಿಗೆ ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು, ಅದಕ್ಕೆ ಬೇಕಾದದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಔಷಧ. ಅಂಥ ಬೆನ್ನನ್ನು ಯಾರಿಂದಲೂ ತಿಕ್ಕಿಸಬೇಡಿ.